ಗಡಿಮನೆಯ ಮಾತು: ನಿಂತ ಲಾರಿಯ ಬಾಡಿಗೆ

ಮನೆ ಬದಲಿಸುವುದು ನಮ್ಮ ಗಡಿನಾಡಿನ ಕುಟುಂಬಗಳಿಗೆ ಹೊಸ ಸಂಗತಿಯೇನಲ್ಲ. ಮಗನಿಗೆ ಮೈಸೂರಿನಲ್ಲಿ ಕೆಲಸ ದೊರೆಯಿತು. ಮಗಳ ಓದಿಗಾಗಿ ಬೆಂಗಳೂರಿನಲ್ಲಿ ಮನೆ ಹಿಡಿಯಬೇಕಾಯಿತು. ಶುಂಠಿ ಬೆಳೆಯಲೆಂದು ಗುಂಡ್ಲುಪೇಟೆಯ ಕಡೆ ಜಮೀನನ್ನು ಗುತ್ತಿಗೆಗೆ ಪಡೆದದ್ದಾಯಿತು. ಇಲ್ಲವೆ ನಿವೃತ್ತಿಯಾಗಿ ಹುಟ್ಟೂರಿಗೆ ಮರಳುವ ಕಾಲ ಬಂದಿತು. ಕಾರಣ ಯಾವುದೇ ಇರಲಿ, ಒಂದು ದಿನ ಅಂಗಳದಲ್ಲಿ ಲಾರಿ ಬಂದು ನಿಲ್ಲುತ್ತದೆ. ಇಪ್ಪತ್ತು ಮೂವತ್ತು ವರ್ಷಗಳಿಂದ ಕೂಡಿಟ್ಟ ಸಂಸಾರವೆಲ್ಲ ನಾಲ್ಕೈದು ಗಂಟೆಗಳಲ್ಲಿ ಅದರ ಮೇಲೇರುತ್ತದೆ. ಹಗ್ಗ ಬಿಗಿದು, ತಾಡಪಾಲು ಮುಚ್ಚಿ, ನಮಗೆ ಹೆಸರೂ ಸರಿಯಾಗಿ ತಿಳಿಯದ ಒಬ್ಬ ಚಾಲಕನ ಕೈಗೆ ಅಷ್ಟನ್ನೂ ಒಪ್ಪಿಸಿ ಕಳುಹಿಸುತ್ತೇವೆ.

ಗೃಹಪ್ರವೇಶಕ್ಕೆ ಮುಹೂರ್ತ ನೋಡುತ್ತೇವೆ. ಹೊಸ ಮನೆಯ ಬಾಡಿಗೆ ಪತ್ರವನ್ನು ಎರಡು ಸಲ ಓದಿ ಸಹಿ ಹಾಕುತ್ತೇವೆ. ಆದರೆ ಈ ಎರಡರ ನಡುವಿನ ದಾರಿಯ ವಿಷಯದಲ್ಲಿ ನಾವು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ತಗೊಳ್ತೀಯಪ್ಪ?" ಆತ ಒಂದು ಮೊತ್ತ ಹೇಳುತ್ತಾನೆ, ನಾವು ಸ್ವಲ್ಪ ಇಳಿಸುತ್ತೇವೆ, ಅಲ್ಲಿಗೆ ಮಾತುಕತೆ ಮುಗಿಯಿತು. ಓಡುವ ಲಾರಿಯ ಬಾಡಿಗೆಯನ್ನು ಎಲ್ಲರೂ ಮಾತಾಡಿಕೊಳ್ಳುತ್ತಾರೆ. ನಿಂತ ಲಾರಿಯ ಬಾಡಿಗೆಯನ್ನು ಯಾರೂ ಮಾತಾಡಿಕೊಳ್ಳುವುದಿಲ್ಲ. ಜಗಳಗಳು ಹುಟ್ಟುವುದು ಮಾತ್ರ ಹೆಚ್ಚಾಗಿ ಲಾರಿ ನಿಂತಾಗಲೇ. ಈ ತಿಂಗಳು ನಮ್ಮ ಓದುಗ ಬಂಧುಗಳ ಮುಂದೆ ಇಡಬೇಕೆಂದಿರುವ ಮಾತು ಇದೇ.

ಲಾರಿ ನಿಲ್ಲುವ ಸ್ಥಳವೆಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ನೂಲ್ಪುಳ. ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿ ತಾಲೂಕಿನ ಈ ಪಂಚಾಯತಿ ಕೇರಳ, ಕರ್ನಾಟಕ, ತಮಿಳುನಾಡು ಮೂರೂ ಕೂಡುವ ಮೂಲೆಯಲ್ಲಿದೆ. ನೂಲ್ ಎಂದರೆ ನಮ್ಮ ನೂಲೇ. ಪುಳ ಎಂದರೆ ಹೊಳೆ. ಹೆಸರಿನಲ್ಲಿಯೂ ನಂಟು ಬಿಡದ ಈ ಊರಿನ ನೀರು ಪೂರ್ವಕ್ಕೆ ಹರಿದು ಕಬಿನಿಯ ಪಾಲಾಗುತ್ತದೆ. ನೀರಿಗೆ ಗೇಟೂ ಇಲ್ಲ, ಹೊತ್ತೂ ಇಲ್ಲ. ಮನುಷ್ಯರು ಹೋಗುವ ದಾರಿಗೆ ಎರಡೂ ಉಂಟು. ಕೋಳಿಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ, ಹಿಂದೆ 212 ಎಂದು ಕರೆಯುತ್ತಿದ್ದುದು, ಈಗ 766, ಬತ್ತೇರಿ ದಾಟಿದ ಮೇಲೆ ನಾಯ್ಕಟ್ಟಿ, ಕಲ್ಲೂರು, ಮುತ್ತಂಗ, ಪೊನ್‌ಕುಳಿಗಳನ್ನು ಹಾದು ಕಾಡನ್ನು ಹೊಗುತ್ತದೆ. ಗಡಿಯ ಈಚೆಗೆ ವಯನಾಡು ವನ್ಯಧಾಮ, ಆಚೆಗೆ ಬಂಡೀಪುರ. ಬಂಡೀಪುರದೊಳಗಿನ ಹಾದಿ ಸುಮಾರು 20 ಕಿ.ಮೀ. ಮಾತ್ರ. ಆದರೆ ಆ 20 ಕಿ.ಮೀ. ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಮುಚ್ಚಿರುತ್ತದೆ.

ವಾಹನಗಳಿಗೆ ಸಿಕ್ಕಿ ವನ್ಯಮೃಗಗಳು ಸಾಯುವುದನ್ನು ತಡೆಯಲು ಚಾಮರಾಜನಗರದ ಜಿಲ್ಲಾಧಿಕಾರಿಗಳು 2009ರ ಜೂನ್‌ನಲ್ಲಿ ಈ ನಿಷೇಧವನ್ನು ಹೊರಡಿಸಿದರು. 2010ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. 2019ರಲ್ಲಿ ಬತ್ತೇರಿಯಲ್ಲಿ ಈ ನಿಷೇಧದ ವಿರುದ್ಧ ಉಪವಾಸ ಸತ್ಯಾಗ್ರಹವೂ ನಡೆಯಿತು. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೆ ಮತ್ತು ಎರಡೂ ರಾಜ್ಯಗಳ ಕೆಲವೇ ಬಸ್ಸುಗಳಿಗೆ ವಿನಾಯಿತಿಯುಂಟು. ಮನೆ ಸಾಮಾನಿನ ಲಾರಿಗೆ ಇಲ್ಲ. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆಗೆ ಈ ಪುಟ ಸ್ಥಳವಲ್ಲ. ಎತ್ತಿನ ಗಾಡಿಗಳ ಕಾಲದಲ್ಲಿಯೂ ಕಾಡಿನ ದಾರಿಯಲ್ಲಿ ಕತ್ತಲೆಯಾದ ಮೇಲೆ ಒಂಟಿ ಗಾಡಿ ಹೂಡುತ್ತಿರಲಿಲ್ಲ. ಬೆಳಕಿನಲ್ಲಿ ಕಾಡು ದಾಟುವುದು ಹಿರಿಯರ ಪದ್ಧತಿಯೇ. ನಮ್ಮ ಪ್ರಶ್ನೆ ಇಷ್ಟೆ: ದಾಟಲಾಗದೆ ನಿಂತ ರಾತ್ರಿಯ ಭಾರವನ್ನು ಹೊರುವವರು ಯಾರು?

ನಮಗೆ ಪರಿಚಯದ ಒಂದು ಕುಟುಂಬದಲ್ಲಿ ನಡೆದುದನ್ನು ಹೇಳುತ್ತೇವೆ. ನಾಯ್ಕಟ್ಟಿಯ ಆಸುಪಾಸಿನ ಮನೆ, ಹೋಗಬೇಕಾದುದು ಮೈಸೂರಿಗೆ. ಗುಂಡ್ಲುಪೇಟೆ ಕಡೆಯ ಲಾರಿ. ಮೂರು ಗಂಟೆಗೆ ಬರುತ್ತೇನೆಂದ ಚಾಲಕ ಬಂದದ್ದು ನಾಲ್ಕೂವರೆಗೆ. ಎರಡು ಗಂಟೆಗಳಲ್ಲಿ ತುಂಬಿಸಿಕೊಡುತ್ತೇವೆಂದ ಮನೆಯವರು ತುಂಬಿಸಿ ಮುಗಿಸಿದಾಗ ಎಂಟೂವರೆ. ದೇವರ ಮಂಟಪವನ್ನು ಕಟ್ಟಿರಲಿಲ್ಲ, ರುಬ್ಬುವ ಕಲ್ಲನ್ನು ಎತ್ತಲು ಜನ ಸಿಕ್ಕಿರಲಿಲ್ಲ, ಬೀರುವಿನ ಬೀಗದ ಕೈ ಕಾಣಿಸಲಿಲ್ಲ. ಹೀಗೆ ಹೊತ್ತು ಹೋಯಿತು. ಆದರೂ ದಾರಿ ಸ್ವಲ್ಪವೇ ಉಳಿದಿತ್ತು. ಒಂಬತ್ತರೊಳಗೆ ಮುತ್ತಂಗ ದಾಟಬಹುದಾಗಿತ್ತು. ಕಲ್ಲೂರಿನ ಮುಂದೆ ಆನೆಯೊಂದು ರಸ್ತೆಯಲ್ಲಿ ನಿಂತಿತು. ವಾಹನಗಳೆಲ್ಲ ದೀಪ ಆರಿಸಿ ಕಾದವು. ಲಾರಿ ಮುತ್ತಂಗ ತಲುಪಿದಾಗ ಒಂಬತ್ತು ಗಂಟೆ ಹತ್ತು ನಿಮಿಷ.

ರಾತ್ರಿಯಿಡೀ ಅಲ್ಲಿಯೇ. ಬೆಳಿಗ್ಗೆ ಚಾಲಕ ಕಾದದ್ದಕ್ಕೆ ಬಾಡಿಗೆ ಕೇಳಿದ. ಮನೆಯ ಯಜಮಾನರು ಸಿಟ್ಟಾದರು. "ಗೇಟು ಹಾಕಿದವರು ನಾವಲ್ಲವಲ್ಲ!"

"ನಾನೂ ಅಲ್ಲ, ಯಜಮಾನ್ರೇ," ಎಂದ ಚಾಲಕ. "ಆದ್ರೆ ಇವತ್ತು ಮೈಸೂರಲ್ಲಿ ಹಿಡಿದಿದ್ದ ಇನ್ನೊಂದು ಬಾಡಿಗೆ ಹೋಯ್ತು ನಂಗೆ."

ಮಾತು ಮಾತಿಗೆ ಬೆಳೆಯಿತು. ಸಾಮಾನು ಇಳಿಸುವುದಿಲ್ಲವೆಂದು ಅವನು, ಒಂದು ಕಾಸೂ ಹೆಚ್ಚು ಕೊಡುವುದಿಲ್ಲವೆಂದು ಇವರು. ಕೊನೆಗೆ ಮನೆಯ ಹಿರಿಯ ತಾಯಿ ನಡುವೆ ಬಂದರು. "ಅಪ್ಪಾ, ಸುಮ್ಮನಿರು. ತಮ್ಮಾ, ನೀನೂ ಕೂತ್ಕೋ. ತಡ ಮಾಡಿದವರು ಮೂವರು. ನೀನು ಒಂದೂವರೆ ಗಂಟೆ, ನಾವು ಎರಡು ಗಂಟೆ, ಆನೆ ಅರ್ಧ ಗಂಟೆ. ನಿನ್ನ ತಪ್ಪಿಗೆ ನೀನು, ನಮ್ಮ ತಪ್ಪಿಗೆ ನಾವು. ಆನೆಯ ಹತ್ತಿರ ವಸೂಲು ಮಾಡುವವರು ಯಾರೂ ಇಲ್ಲ. ಅದರ ಪಾಲನ್ನು ಇಬ್ಬರೂ ಹಂಚಿಕೊಳ್ಳೋಣ." ಅವರ ಲೆಕ್ಕದಂತೆಯೇ ತೀರ್ಮಾನವಾಯಿತು. ಲಾರಿ ಮೈಸೂರು ತಲುಪಿತು. ಸಾಮಾನು ಕ್ಷೇಮವಾಗಿ ಇಳಿಯಿತು.

ಈ ತೀರ್ಪಿಗಿಂತ ಉತ್ತಮವಾದುದನ್ನು ನಾವು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ. ತಡ ಎಂಬುದು ಮೂರು ಬಗೆ: ಲಾರಿಯವನಿಂದ ಆದುದು, ಮನೆಯವರಿಂದ ಆದುದು, ಇಬ್ಬರಿಗೂ ಮೀರಿದುದು. ಟಯರು ಒಡೆದರೆ, ಕಾಗದಪತ್ರ ಸರಿಯಿಲ್ಲದೆ ತಡೆದರೆ, ಹೇಳಿದ ಹೊತ್ತಿಗೆ ಬಾರದಿದ್ದರೆ ಅದು ಲಾರಿಯವನ ಪಾಲು. ಸಾಮಾನು ಕಟ್ಟಿರದಿದ್ದರೆ, ವಿಳಾಸ ತಪ್ಪಿದ್ದರೆ, ಇಳಿಸಿಕೊಳ್ಳುವವರು ಬಾಗಿಲು ತೆರೆಯಲು ತಡ ಮಾಡಿದರೆ ಅದು ನಮ್ಮ ಪಾಲು. ಆನೆ, ಮಳೆ, ಬಿದ್ದ ಮರ, ಹರತಾಳ, ಘಾಟಿಯಲ್ಲಿ ಸಿಕ್ಕಿಕೊಂಡ ಬೇರೆ ವಾಹನ ಇವೆಲ್ಲ ಆನೆಯ ಪಾಲು, ಅರ್ಧ ಅರ್ಧ. ಆ ಕುಟುಂಬದ ತಾಯಿ ಬೆಳಿಗ್ಗೆ ಹೇಳಿದುದನ್ನು ಹಿಂದಿನ ದಿನವೇ ಹೇಳಿಕೊಂಡಿದ್ದರೆ ಆ ಜಗಳವೂ ಇರುತ್ತಿರಲಿಲ್ಲ. ವ್ಯವಹಾರದಲ್ಲಿ ನ್ಯಾಯ ಎಷ್ಟು ಮುಖ್ಯವೋ ಅದನ್ನು ಮೊದಲೇ ಆಡಿಕೊಳ್ಳುವುದೂ ಅಷ್ಟೇ ಮುಖ್ಯ. ಸಾಮಾನು ತುಂಬಿದ ಮೇಲೆ ನಡೆಯುವ ಮಾತುಕತೆ ಮಾತುಕತೆಯಲ್ಲ. ಒಬ್ಬನ ಕೈಯಲ್ಲಿ ಇನ್ನೊಬ್ಬನ ಮನೆಯಿರುವಾಗ ಸಮಬಲದ ಮಾತು ನಡೆಯಲಾರದು.

ಇನ್ನು ದಾರಿಯನ್ನು ಆರಿಸುವ ಮಾತು. ಮುತ್ತಂಗದ ಗೇಟು ಮುಚ್ಚಿದರೆ ಬೇರೆ ದಾರಿಯಿಲ್ಲವೆಂದಲ್ಲ. ಮಾನಂದವಾಡಿ, ಕುಟ್ಟ, ಗೋಣಿಕೊಪ್ಪಲು, ಹುಣಸೂರುಗಳ ಮೇಲೆ ಮೈಸೂರಿಗೆ ಹೋಗುವ ದಾರಿ ರಾತ್ರಿಯೂ ತೆರೆದಿರುತ್ತದೆ. ಆದರೆ ಅದು ಸುತ್ತು. ಡೀಸೆಲ್ ಹೆಚ್ಚು, ಹೊತ್ತು ಹೆಚ್ಚು. ಮಾನಂದವಾಡಿಯಿಂದ ಬಾವಲಿಯ ಮೇಲೆ ಹೆಗ್ಗಡದೇವನಕೋಟೆಗೆ ಹೋಗುವ ಹತ್ತಿರದ ದಾರಿಗೆ ನಿಷೇಧ ಇನ್ನೂ ಮುಂಚೆ, ಸಂಜೆ 6 ಗಂಟೆಗೇ ಆರಂಭವಾಗುತ್ತದೆ. ಗೂಡಲೂರಿನಿಂದ ಬಂಡೀಪುರಕ್ಕೆ ಬರುವ ದಾರಿಯೂ ರಾತ್ರಿ 9ಕ್ಕೆ ಮುಚ್ಚುತ್ತದೆ. ಆದುದರಿಂದ ತಡವಾದರೆ ಮುತ್ತಂಗದಲ್ಲಿ ನಿಲ್ಲುವುದೋ ಕುಟ್ಟದ ಮೇಲೆ ಸುತ್ತಿ ಹೋಗುವುದೋ, ಸುತ್ತಿದರೆ ಹೆಚ್ಚಿನ ಡೀಸೆಲ್ ಯಾರದು ಎಂಬುದನ್ನು ಹೊರಡುವ ಮುನ್ನ ಗೊತ್ತುಮಾಡಿಕೊಳ್ಳತಕ್ಕದ್ದು. ಎಲ್ಲಕ್ಕಿಂತ ಉತ್ತಮವಾದ ಉಪಾಯ ಬಹಳ ಸರಳ. ಹಿಂದಿನ ಸಂಜೆಯೇ ಸಾಮಾನು ತುಂಬಿಸಿ, ಲಾರಿಯನ್ನು ನಮ್ಮ ಅಂಗಳದಲ್ಲಿಯೇ ನಿಲ್ಲಿಸಿಕೊಂಡು, ಚಾಲಕನಿಗೆ ಊಟ ಹಾಕಿ ಮಲಗಲು ಸ್ಥಳ ಕೊಟ್ಟು, ನಸುಕಿನಲ್ಲಿ ಹೊರಟು ಆರು ಗಂಟೆಗೆ ಮುತ್ತಂಗದಲ್ಲಿರುವುದು. ಗೇಟಿನ ಬಳಿ ಕಳೆಯುವ ರಾತ್ರಿಗಿಂತ ನಮ್ಮ ಅಂಗಳದಲ್ಲಿ ಕಳೆಯುವ ರಾತ್ರಿ ಅವನಿಗೂ ಹಿತ, ನಮ್ಮ ಸಾಮಾನಿಗೂ ಹಿತ.

ಕಾಡಿನೊಳಗೆ ಹಗಲಿನಲ್ಲಿಯೂ ವಾಹನ ನಿಲ್ಲಿಸಿ ಇಳಿಯುವಂತಿಲ್ಲ. ಎಂದರೆ ಅಲ್ಲಿ ಕೆಟ್ಟು ನಿಲ್ಲುವಂಥ ಲಾರಿಯನ್ನು ಗೊತ್ತುಮಾಡಲೇಬಾರದು. ಬಾಡಿಗೆ ಮಾತಾಡುವಾಗ ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಬರುವುದರಲ್ಲಿ ಸಂಕೋಚವೇನೂ ಬೇಡ. ಟಯರು ನುಣ್ಣಗಾಗಿದೆಯೇ, ಹೆಚ್ಚುವರಿ ಚಕ್ರವಿದೆಯೇ, ಹಿಂದಿನ ದೀಪ ಉರಿಯುತ್ತದೆಯೇ, ತಾಡಪಾಲು ಹರಿದಿದೆಯೇ ಎಂಬುದನ್ನು ಕಣ್ಣಿನಿಂದಲೇ ತಿಳಿಯಬಹುದು. ಕೋಳಿಕೋಡಿನ ಕಡೆಗೆ ಇಳಿಯುವವರಿಗೆ ತಾಮರಶ್ಶೇರಿ ಘಾಟಿಯ 9 ಕಡಿದಾದ ತಿರುವುಗಳಿವೆ. ಅಂಥವರು ಬ್ರೇಕಿನ ವಿಷಯವನ್ನೂ ಬಾಯಿಬಿಟ್ಟು ಕೇಳಲೇಬೇಕು.

ಕಾಗದಪತ್ರಗಳ ಮಾತಿಗೆ ಬರೋಣ. ಗಡಿ ದಾಟುವ ಸರಕು ವಾಹನಕ್ಕೆ ನೋಂದಣಿ ಪತ್ರ, ವಿಮೆ, ಅರ್ಹತಾ ಪತ್ರ, ಹೊಗೆ ತಪಾಸಣೆಯ ಚೀಟಿ ಇವುಗಳ ಜೊತೆಗೆ ಇನ್ನೊಂದು ರಾಜ್ಯದಲ್ಲಿ ಓಡುವ ಪರವಾನಗಿಯೂ ಬೇಕು. ರಾಷ್ಟ್ರೀಯ ಪರವಾನಗಿ ಇರುವ ಲಾರಿಗೆ ತೊಂದರೆಯಿಲ್ಲ. ತನ್ನ ರಾಜ್ಯದ ಪರವಾನಗಿ ಮಾತ್ರ ಇರುವುದು ತಾತ್ಕಾಲಿಕ ಪರವಾನಗಿ ಪಡೆಯಬೇಕಾಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯಂತೆ, ಸರಕೂ ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸಣ್ಣ ಟೆಂಪೋಗಳಿಗೆ ಪರವಾನಗಿಯ ಕಟ್ಟಳೆಯಿಲ್ಲ. ಸಣ್ಣ ಸಂಸಾರದವರಿಗೆ ಇದು ಅನುಕೂಲ. ಆದರೆ ಸಣ್ಣ ಟೆಂಪೋದಲ್ಲಿ ದೊಡ್ಡ ಸಂಸಾರವನ್ನು ತುರುಕಿದರೆ ಅನುಕೂಲವೂ ಹೋಯಿತು, ಅಚ್ಚೂ ಮುರಿಯಿತು.

ಜಿ.ಎಸ್.ಟಿ. ಬಂದ ಮೇಲೆ, 2017ರಿಂದ ಈಚೆಗೆ, ಹಳೆಯ ವಾಣಿಜ್ಯ ತೆರಿಗೆಯ ತಪಾಸಣಾ ಠಾಣೆಗಳು ಇಲ್ಲವಾದವು. 2018ರ ಏಪ್ರಿಲ್‌ನಿಂದ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿಗೆ ಇ-ವೇ ಬಿಲ್ ಜಾರಿಗೆ ಬಂದಿತು. ಆದರೆ ಬಳಸಿದ ಮನೆ ಸಾಮಾನಿಗೆ ಈ ಬಿಲ್ ಬೇಕಾಗಿಲ್ಲವೆಂದು ನಿಯಮದಲ್ಲಿಯೇ ಇದೆ. ಇದನ್ನು ತಿಳಿಯದ ಮಧ್ಯವರ್ತಿಗಳು 'ಬಿಲ್ಲಿನ ಖರ್ಚು' ಎಂದು ಬೇರೆಯಾಗಿ ಕೇಳಿದರೆ ಕೊಡಬೇಕಾಗಿಲ್ಲ. ಹಾಗೆಂದು ಮಂಚದ ಕೆಳಗೆ ನಾಲ್ಕು ಮೂಟೆ ಮೆಣಸು, ಎರಡು ಮೂಟೆ ಕಾಫಿ ಸೇರಿಸಿ ಕಳುಹಿಸಿದರೆ ಅದು ಮನೆ ಸಾಮಾನಾಗಿ ಉಳಿಯುವುದಿಲ್ಲ. ಮುತ್ತಂಗದಲ್ಲಿ ಅಬಕಾರಿ ಇಲಾಖೆಯ ತಪಾಸಣೆಯೂ ಉಂಟು. ನಾವು ಬಚ್ಚಿಟ್ಟುದಕ್ಕೆ ಅಲ್ಲಿ ಉತ್ತರ ಹೇಳಬೇಕಾದವನು ಏನೂ ಅರಿಯದ ಚಾಲಕ. ಅಂಥ ಸಂಕಟಕ್ಕೆ ಅವನನ್ನು ಗುರಿಮಾಡುವುದು ನ್ಯಾಯವಲ್ಲ. ಸಾಮಾನಿನ ಪಟ್ಟಿಯೊಂದನ್ನು ಬರೆದು, ಎರಡೂ ಕಡೆಯ ವಿಳಾಸ ನಮೂದಿಸಿ, ಮನೆಯವರ ಸಹಿಯೊಡನೆ ಅವನ ಕೈಗೆ ಕೊಟ್ಟರೆ ತಪಾಸಣೆ ಬೇಗ ಮುಗಿಯುತ್ತದೆ. ಇಳಿಸುವಾಗ ಎಣಿಸಿಕೊಳ್ಳಲೂ ಅದೇ ಪಟ್ಟಿ ಒದಗುತ್ತದೆ.

ತುಂಬುವ ಇಳಿಸುವ ಕೂಲಿಯನ್ನೂ ಮರೆಯಬಾರದು. ಲಾರಿಯ ಬಾಡಿಗೆಯಲ್ಲಿ ಅದು ಸೇರಿದೆಯೇ ಇಲ್ಲವೇ ಎಂಬುದು ಜಗಳದ ಎರಡನೆಯ ಮೂಲ. ಕೇರಳದಲ್ಲಿ ಹೊರೆಯಾಳುಗಳ ಸಂಘಟನೆ ಬಲವಾದುದು. ಅವರಿಗಾಗಿ 1978ರ ಕಾಯಿದೆಯೇ ಇದೆ. ದುಡಿದವನ ಕೂಲಿ ಧರ್ಮದ ಕೂಲಿ. ಅದನ್ನು ಚೌಕಾಶಿಯಿಲ್ಲದೆ ಕೊಡೋಣ. ಆದರೆ ಕೆಲಸ ಮಾಡದೆ ನೋಡಿ ನಿಂತುದಕ್ಕೆ ಕೇಳುತ್ತಿದ್ದ 'ನೋಕ್ಕುಕೂಲಿ'ಯನ್ನು ಕೇರಳ ಸರಕಾರವೇ 2018ರ ಮೇ 1ರಿಂದ ರದ್ದುಮಾಡಿದೆ ಎಂಬುದು ತಿಳಿದಿರಲಿ.

ಸಾಮಾನು ಒಡೆದರೆ, ಕಳೆದರೆ ಏನು ಗತಿ? ಇಲ್ಲಿ ಕಾಯಿದೆ ಎರಡು ಬಗೆಯ ಸಾಗಣೆಯನ್ನು ಬೇರೆ ಬೇರೆಯಾಗಿ ಕಾಣುತ್ತದೆ. ಎಲ್ಲರ ಸರಕನ್ನೂ ಬಾಡಿಗೆಗೆ ಸಾಗಿಸುವ, ನೋಂದಾಯಿತ ಸಾಗಣೆ ಸಂಸ್ಥೆಗಳಿಗೆ 2007ರ ರಸ್ತೆ ಸಾಗಣೆ ಕಾಯಿದೆ ಅನ್ವಯಿಸುತ್ತದೆ. 1865ರ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದ ಇದು 2011ರಿಂದ ಜಾರಿಯಲ್ಲಿದೆ. ಇದರಂತೆ ಸಂಸ್ಥೆಯವರು ಸರಕಿಗೆ ರಸೀತಿ ಕೊಡಲೇಬೇಕು. ಸಾಮಾನು ಹಾಳಾದರೆ ಅವರ ಅಜಾಗರೂಕತೆಯನ್ನು ನಾವು ರುಜುವಾತುಪಡಿಸಬೇಕಾಗಿಲ್ಲ. ಹಾಳಾದುದನ್ನು ತೋರಿಸಿದರೆ ಸಾಕು. ಆದರೆ ಎರಡು ಮಿತಿಗಳುಂಟು. ಒಂದನೆಯದು, ಮೌಲ್ಯವನ್ನು ಘೋಷಿಸಿ ಹೆಚ್ಚಿನ ದರಕ್ಕೆ ಒಪ್ಪಿಕೊಂಡಿರದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟನ್ನು ಮೀರುವುದಿಲ್ಲ. ಬಾಡಿಗೆ 15,000 ರೂಪಾಯಿ ಆಗಿದ್ದರೆ, ಸಾಮಾನು ಐದು ಲಕ್ಷದ್ದಾಗಿದ್ದರೂ ದೊರೆಯುವುದು ಹೆಚ್ಚೆಂದರೆ 1,50,000. ಎರಡನೆಯದು, ಸರಕನ್ನು ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಬರಹದಲ್ಲಿ ನೋಟೀಸು ಕೊಡದಿದ್ದರೆ ದಾವೆ ಹೂಡುವಂತಿಲ್ಲ.

ಪರಿಚಯದ ಟೆಂಪೋದವನನ್ನು ಕರೆದು ಕಳುಹಿಸಿದಾಗ ಈ ರಸೀತಿ, ನೋಂದಣಿಗಳೇನೂ ಇರುವುದಿಲ್ಲ. ಆಗಲೂ ನಾವು ಅನಾಥರಲ್ಲ. ಇನ್ನೊಬ್ಬರ ವಸ್ತುವನ್ನು ಒಪ್ಪಿಸಿಕೊಂಡವನು, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳತಕ್ಕದ್ದೆಂದು 1872ರ ಕರಾರು ಕಾಯಿದೆ ಹೇಳುತ್ತದೆ. ಅವ್ವಂದಿರು ಪಾತ್ರೆಯನ್ನು ಕಡ ಕೊಡುವಾಗ "ನಿಮ್ಮದೇ ಅಂದ್ಕೊಂಡು ನೋಡ್ಕೊಳ್ಳಿ" ಎನ್ನುವುದಿಲ್ಲವೇ? ಕಾಯಿದೆಯ ಮಾತೂ ಅದೇ. ಆದರೆ ಒಪ್ಪಿಸಿದ್ದೇನು ಎಂಬುದಕ್ಕೆ ಸಾಕ್ಷಿ ಬೇಕಾದಾಗ ಆ ಪಟ್ಟಿಯೇ ನಮ್ಮ ಬಾಯಿ. ಲಾರಿಯ ವಿಮೆ ನಮ್ಮ ಸಾಮಾನಿಗೆ ವಿಮೆಯಲ್ಲ ಎಂಬುದನ್ನೂ ನೆನಪಿಡಬೇಕು. ಬೆಲೆಬಾಳುವ ವಸ್ತುಗಳಿದ್ದರೆ ಸಾಗಣೆಯ ವಿಮೆಯನ್ನು ಬೇರೆಯಾಗಿ ಮಾಡಿಸಬಹುದು. ಒಡವೆ, ಜಮೀನಿನ ಪತ್ರ, ಮಕ್ಕಳ ಅಂಕಪಟ್ಟಿ ಇವು ಮಾತ್ರ ಎಂದೂ ಲಾರಿಯನ್ನು ಹತ್ತಬಾರದು.

ಲಾರಿಯನ್ನು ಹತ್ತಬಾರದವರು ಇನ್ನೂ ಇದ್ದಾರೆ. ಬಸ್ಸಿನ ಖರ್ಚು ಉಳಿಯಿತೆಂದು ಮಕ್ಕಳನ್ನೂ ಮುದುಕರನ್ನೂ ಹಾಸಿಗೆಯ ಮೂಟೆಗಳ ಮೇಲೆ ಕೂರಿಸಿ ಕಳುಹಿಸುವುದು ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ನಿಂತಿಲ್ಲ. ಸರಕು ವಾಹನದ ಕಡ್ಡಾಯ ವಿಮೆ ಸಾಮಾನಿನ ಒಡೆಯನಿಗೋ ಅವನ ಪ್ರತಿನಿಧಿಗೋ ಅನ್ವಯಿಸುತ್ತದೆ. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ. ಚಾಲಕನ ಪಕ್ಕದ ಆಸನದಲ್ಲಿ ಮನೆಯವರೊಬ್ಬರು ಕುಳಿತು ಹೋಗಲಿ. ಉಳಿದವರು ಬಸ್ಸಿನಲ್ಲಿ ಹೋಗಲಿ. ಹಾಗೆ ಒಬ್ಬರು ಜೊತೆಗಿರುವುದು ಚಾಲಕನಿಗೂ ಒಳ್ಳೆಯದು. ನಿದ್ದೆ ಬಾರದಂತೆ ಮಾತಿಗೊಬ್ಬರಾಗುತ್ತಾರೆ, ವಿಳಾಸ ಕೇಳುತ್ತ ಊರೆಲ್ಲ ಸುತ್ತುವುದು ತಪ್ಪುತ್ತದೆ.

ಸಾಮಾನಿನ ಜೊತೆಗೆ ಮನೆಯ ಜೀಪನ್ನೋ ಹಳೆಯ ಕಾರನ್ನೋ ಸಾಗಿಸಬೇಕಾದವರೂ ಇರುತ್ತಾರೆ. ಕೆಟ್ಟ ವಾಹನವನ್ನು ಲಾರಿಯ ಹಿಂದೆ ಹಗ್ಗ ಕಟ್ಟಿ ಮೈಸೂರಿನವರೆಗೂ ಎಳೆಸಿಬಿಡೋಣವೆನ್ನುವ ಆಲೋಚನೆ ಬೇಡ. ಎಳೆಯುವುದು ಕೆಟ್ಟು ನಿಂತದ್ದನ್ನು ಹತ್ತಿರದ ದುರಸ್ತಿ ಅಂಗಡಿಗೆ ಮುಟ್ಟಿಸುವುದಕ್ಕೆ ಇರುವ ಉಪಾಯ, ದೂರ ಪ್ರಯಾಣಕ್ಕಲ್ಲ. ಆಗಲೂ ಎಳೆಯುವ ವಾಹನಕ್ಕೂ ಎಳೆಸಿಕೊಳ್ಳುವ ವಾಹನಕ್ಕೂ ನಡುವೆ 5 ಮೀಟರಿಗಿಂತ ಹೆಚ್ಚು ಅಂತರವಿರಬಾರದು. ಹಿಂದಿನ ವಾಹನದಲ್ಲಿ ಚಾಲನಾ ಪತ್ರವುಳ್ಳವರು ಕುಳಿತು ಚಕ್ರ ಹಿಡಿದಿರಬೇಕು. ದೂರಕ್ಕೆ ಹೋಗುವ ಕೆಟ್ಟ ವಾಹನವನ್ನು ಲಾರಿಯ ಮೇಲೇರಿಸಿ, ನಾಲ್ಕೂ ಚಕ್ರ ಬಿಗಿದು ಸಾಗಿಸುವುದೇ ಸರಿ. ಸುಸ್ಥಿತಿಯಲ್ಲಿರುವ ಕಾರನ್ನು ಓಡಿಸಿಕೊಂಡು ಹೋಗಲು ಚಾಲಕನನ್ನು ಗೊತ್ತುಮಾಡಿದರೆ, ಅವನ ಚಾಲನಾ ಪತ್ರವನ್ನು ನೋಡುವುದು ನಮ್ಮ ಕರ್ತವ್ಯ. ಹೊರಡುವ ಮುನ್ನ ಕಾರಿನ ನಾಲ್ಕೂ ಬದಿಯ ಚಿತ್ರ ತೆಗೆದಿಡುವುದು ಇಬ್ಬರಿಗೂ ರಕ್ಷೆ. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರುವ ವಾಹನವನ್ನು ಅಲ್ಲಿಯೇ ನೋಂದಾಯಿಸಬೇಕೆಂಬ ಕಟ್ಟಳೆಯೂ ಇದೆ. ನಿರಾಕ್ಷೇಪಣ ಪತ್ರವನ್ನು ಇಲ್ಲಿಂದ ಹೊರಡುವ ಮೊದಲೇ ಪಡೆಯುವುದು ಜಾಣತನ.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಇದನ್ನು ಓದಿದರೆ ನಗಬಹುದು. ಅಲ್ಲಿ ಮನೆಗೇ ಗಾಲಿ ಕಟ್ಟುತ್ತಾರೆ. ಮಂಚ, ಒಲೆ, ನೀರಿನ ತೊಟ್ಟಿಗಳೆಲ್ಲ ಇರುವ ಗಾಲಿಮನೆಯನ್ನು ಕಾರಿನ ಹಿಂದೆ ಸಿಕ್ಕಿಸಿಕೊಂಡು ದೇಶ ಸುತ್ತುವುದು ಅಲ್ಲಿನ ಬಹು ಜನರ ಹವ್ಯಾಸ. ತಾವೇ ಎಳೆಯಲಾರದವರು ಸಾವಿರಾರು ಮೈಲಿ ದೂರಕ್ಕೆ ಅದನ್ನು ಎಳೆದೊಯ್ಯಲು ಬೇರೆಯವರನ್ನು ಗೊತ್ತುಮಾಡುತ್ತಾರೆ. ಅಂಥವನು ಹಲವು ರಾಜ್ಯಗಳನ್ನು ದಾಟುವುದಾದರೆ ಅವನಿಗೆ ಕೇಂದ್ರ ಸರಕಾರದ ಸಾರಿಗೆ ನೋಂದಣಿ ಸಂಖ್ಯೆ ಇದೆಯೇ ಎಂದು ವಿಚಾರಿಸುವುದು ಅಲ್ಲಿನ ಮೊದಲ ಪಾಠ. ಎರಡನೆಯ ಪಾಠ, ದಾರಿಯಲ್ಲಿ ಟಯರು ಒಡೆದರೆ, ಹಿಮ ಬಿದ್ದು ನಿಂತರೆ ಖರ್ಚು ಯಾರದೆಂದು ಕೇಳುವುದು. ಅವರಿಗೆ ಹಿಮ, ನಮಗೆ ಆನೆ, ಪ್ರಶ್ನೆ ಒಂದೇ. ಕೇರಳವೂ 2021ರಲ್ಲಿ 'ಕೆರವಾನ್' ಎಂಬ ಹೆಸರಿನಲ್ಲಿ ಗಾಲಿಮನೆಯ ಪ್ರವಾಸ ಯೋಜನೆಯನ್ನು ಹೊರತಂದಿತು. ಆದರೆ ನಮ್ಮ ಕುಟುಂಬಗಳ ಗಾಲಿಮನೆ ಇನ್ನೂ ತಾಡಪಾಲು ಮುಚ್ಚಿದ ಲಾರಿಯೇ. ಒಂದು ಹಗಲು, ಒಂದು ರಾತ್ರಿ ನಮ್ಮ ಇಡೀ ಮನೆ ಅದರ ಮೇಲಿರುತ್ತದೆ.

ಲಾರಿ ಗೊತ್ತುಮಾಡುವವರಿಗೆ ಉಪಯೋಗವಾಗಲೆಂದು ಒಪ್ಪಂದದ ಚೀಟಿಯ ಮಾದರಿಯೊಂದನ್ನು ಕೊಡುತ್ತಿದ್ದೇವೆ. ಕತ್ತರಿಸಿಟ್ಟುಕೊಳ್ಳಬಹುದು.

"ಸಾಮಾನು ಕಳುಹಿಸುವವರ ಹೆಸರು, ವಿಳಾಸ. ಲಾರಿಯ ಒಡೆಯರ ಹೆಸರು, ಚಾಲಕರ ಹೆಸರು, ಲಾರಿಯ ಸಂಖ್ಯೆ. ಎಲ್ಲಿಂದ ಎಲ್ಲಿಗೆ, ಯಾವ ದಾರಿಯಾಗಿ.

1. ಒಟ್ಟು ಬಾಡಿಗೆ ಇಂತಿಷ್ಟು. ಇದರಲ್ಲಿ ಡೀಸೆಲ್, ಸುಂಕ, ಚಾಲಕರ ಮತ್ತು ಸಹಾಯಕರ ಊಟ ಸೇರಿವೆ, ಅಥವಾ ಸೇರಿಲ್ಲ. ತುಂಬುವ ಮತ್ತು ಇಳಿಸುವ ಕೂಲಿ ಇಂಥವರದು.

2. ಬಾಡಿಗೆಯ ಮೂರನೆಯ ಒಂದು ಪಾಲು ಲಾರಿ ಹೊರಡುವಾಗ, ಉಳಿದುದು ಸಾಮಾನು ಪಟ್ಟಿಯಂತೆ ಇಳಿದ ಮೇಲೆ.

3. ಲಾರಿ ಬರತಕ್ಕ ಹೊತ್ತು ಇಷ್ಟು ಗಂಟೆ. ತುಂಬಿಸಿಕೊಡತಕ್ಕ ಹೊತ್ತು ಇಷ್ಟು ಗಂಟೆ.

4. ಲಾರಿ ದಾರಿಯಲ್ಲಿ ರಾತ್ರಿ ನಿಂತರೆ ಕಾಯುವ ಬಾಡಿಗೆ ಇಂತಿಷ್ಟು. ಲಾರಿಯವರ ಕಾರಣದಿಂದಾದ ತಡಕ್ಕೆ ಇದು ಸಲ್ಲದು; ಮನೆಯವರ ಕಾರಣದಿಂದಾದುದಕ್ಕೆ ಪೂರ್ತಿಯಾಗಿ ಸಲ್ಲುವುದು; ಇಬ್ಬರಿಗೂ ಮೀರಿದ ಕಾರಣಕ್ಕೆ ಅರ್ಧ ಸಲ್ಲುವುದು.

5. ಬೇರೆ ದಾರಿಯಲ್ಲಿ ಸುತ್ತಿ ಹೋಗಬೇಕಾದರೆ ಮನೆಯವರಿಗೆ ಫೋನು ಮಾಡಿ ಒಪ್ಪಿಗೆ ಪಡೆಯತಕ್ಕದ್ದು. ಹೆಚ್ಚಿನ ಡೀಸೆಲ್ ಖರ್ಚು ಮೇಲಿನ ನಿಯಮದಂತೆಯೇ.

6. ಬೇರೆಯವರ ಸರಕನ್ನಾಗಲಿ ಪ್ರಯಾಣಿಕರನ್ನಾಗಲಿ ಮನೆಯವರ ಒಪ್ಪಿಗೆಯಿಲ್ಲದೆ ಹತ್ತಿಸತಕ್ಕದ್ದಲ್ಲ.

7. ಸಾಮಾನಿನ ಪಟ್ಟಿ ಇದರೊಂದಿಗೆ ಇದೆ. ಇಬ್ಬರ ಸಹಿ, ದಿನಾಂಕ."

ಈ ಚೀಟಿಯನ್ನು ಎರಡು ಪ್ರತಿ ಮಾಡಿ ಒಂದೊಂದನ್ನು ಇಬ್ಬರೂ ಇಟ್ಟುಕೊಳ್ಳತಕ್ಕದ್ದು. ಚಾಲಕ ಮಲಯಾಳ ಮಾತ್ರ ಓದಬಲ್ಲವನಾದರೆ ಮಲಯಾಳದಲ್ಲಿಯೂ ಬರೆಯಬೇಕು. ಓದಲು ಬಾರದವನಾದರೆ ಓದಿ ಹೇಳಬೇಕು. ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದರ ನೋವು ಗಡಿಯ ಜನರಾದ ನಮಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಅದನ್ನು ನಾವು ಇನ್ನೊಬ್ಬರಿಗೆ ಮಾಡಬಾರದು.

ಚೀಟಿ ಬರೆಯಿರೆಂದರೆ ಕೆಲವರಿಗೆ ಸಂಕೋಚ. "ನಂಬಿಕೆಯಿಲ್ಲವೇ?" ಎಂದು ಚಾಲಕ ಕೇಳಿಯಾನೆಂಬ ಅಳುಕು. ನಂಬಿಕೆಯಿಲ್ಲದವನ ಕೈಗೆ ಯಾರೂ ತಮ್ಮ ಮನೆಯನ್ನು ಒಪ್ಪಿಸುವುದಿಲ್ಲ. ಚೀಟಿ ಇರುವುದು ಆ ನಂಬಿಕೆಯನ್ನು ಮುತ್ತಂಗದ ಗೇಟಿನ ಮುಂದೆ, ಹಸಿವು ನಿದ್ದೆಗಳ ನಡುವೆ, ಇಬ್ಬರೂ ಸಿಟ್ಟಾಗಿರುವ ಹೊತ್ತಿನಲ್ಲಿ ಕಾಪಾಡುವುದಕ್ಕೆ. ಅದು ನಮ್ಮನ್ನು ಅವನಿಂದ ರಕ್ಷಿಸುವಷ್ಟೇ ಅವನನ್ನು ನಮ್ಮಿಂದಲೂ ರಕ್ಷಿಸುತ್ತದೆ. ಅವನೂ ಸಂಸಾರಸ್ಥ. ಲಾರಿಯ ಸಾಲದ ಕಂತು ಅವನಿಗೂ ಇರುತ್ತದೆ. ನಮ್ಮ ಮನೆ ಅವನ ಲಾರಿಯ ಮೇಲಿರುವ ರಾತ್ರಿ ಅವನು ತನ್ನ ಮನೆಯಿಂದ ದೂರದಲ್ಲಿರುತ್ತಾನೆ. ಬಾಡಿಗೆಯಲ್ಲಿ ನೂರಿನ್ನೂರು ಇಳಿಸಿದ ತೃಪ್ತಿಗಿಂತ, ಹೇಳಿದ್ದನ್ನು ಹೇಳಿದ ಹೊತ್ತಿಗೆ ಕೊಟ್ಟ ತೃಪ್ತಿ ಹೆಚ್ಚು ಕಾಲ ಬಾಳುತ್ತದೆ.

ಮುಂದಿನ ಬೇಸಗೆಯಲ್ಲಿ ಮನೆ ಬದಲಿಸಲಿರುವ ಬಂಧುಗಳು ಲಾರಿಯವನೊಡನೆ ಮಾತಿಗೆ ಕುಳಿತಾಗ, ಓಡುವ ದೂರವನ್ನು ಎಣಿಸಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: "ನಿಲ್ಲಬೇಕಾಗಿ ಬಂದರೆ ಹೇಗಪ್ಪ?" ಉತ್ತರ ನೇರವಾಗಿ ಬಂದರೆ ಆ ಲಾರಿಯನ್ನು ಗೊತ್ತುಮಾಡಬಹುದು. "ಅದನ್ನ ಆಮೇಲೆ ನೋಡ್ಕೊಳ್ಳೋಣ ಬಿಡಿ" ಎಂದರೆ, ಇನ್ನೊಂದು ಲಾರಿಯನ್ನು ಹುಡುಕಲು ಅದೇ ಸರಿಯಾದ ಹೊತ್ತು.